ಉಂಗುರ, ಕಂದಕ ಮತ್ತು ಹೊಣೆ: ಕಾಖಂಡಕಿ ಮಹಿಪತಿದಾಸರ ಜೀವನ

ಹರಿದಾಸ ಸಾಹಿತ್ಯದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಪುರಂದರದಾಸರಿಂದ ವಿಜಯದಾಸರಿಗೆ ಒಂದೇ ಜಿಗಿತದಲ್ಲಿ ಬಂದುಬಿಡುತ್ತಾರೆ. ಪುರಂದರದಾಸರು ಹಂಪೆಯಲ್ಲಿ 1564ರಲ್ಲಿ ತೀರಿಕೊಂಡರು. ವಿಜಯದಾಸರು ಚೀಕಲಪರವಿಯಲ್ಲಿ ಹುಟ್ಟಿದ್ದು 1682ರಲ್ಲಿ. ಈ ಶತಮಾನಕ್ಕೂ ಮೀರಿದ ಅವಧಿಯನ್ನು ಬಂಜರು ಎಂದು ಭಾವಿಸುವ ರೂಢಿಗೆ ವಿಜಯನಗರದ ಪತನವೇ ಕಾರಣವೆಂಬ ವಿವರಣೆಯೂ ಸಿದ್ಧವಾಗಿಯೇ ಇದೆ. ಆದರೆ ಕಾಖಂಡಕಿಯ ಮಹಿಪತಿದಾಸರು ಈ ಅವಧಿಯ ನಡುವೆಯೇ ಬದುಕಿ, ನೂರಾರು ಕೀರ್ತನೆಗಳನ್ನು ರಚಿಸಿ, ತಮ್ಮದೇ ಆದ ಒಂದು ಮನೆತನದ ಪರಂಪರೆಯನ್ನು ಬೆಳೆಸಿದರು. ಪರಂಪರೆ ಒಪ್ಪಿರುವ ಅವರ ಜೀವಿತ ಕಾಲ 1611ರಿಂದ 1681. ಅವರ ಬದುಕು ದಾಸಸಾಹಿತ್ಯದ ಅಭ್ಯಾಸಿಗೆ ಎಷ್ಟು ಮುಖ್ಯವೋ, ಸಂಪತ್ತು ಮತ್ತು ಹೊಣೆಗಾರಿಕೆಯ ಸಂಬಂಧವನ್ನು ಕನ್ನಡ ಸಂಸ್ಕೃತಿ ಹೇಗೆ ಚಿಂತಿಸಿದೆ ಎಂದು ಕೇಳುವವರಿಗೂ ಅಷ್ಟೇ ಮುಖ್ಯ. ಏಕೆಂದರೆ ಮಹಿಪತಿದಾಸರು ಬಡತನದಲ್ಲಿ ಹುಟ್ಟಿ ವೈರಾಗ್ಯವನ್ನು ಹಾಡಿದವರಲ್ಲ; ಒಂದು ರಾಜ್ಯದ ಹಣಕಾಸಿನ ಲೆಕ್ಕವನ್ನು ಕೈಯಲ್ಲಿ ಹಿಡಿದಿದ್ದವರು.

ಅವರ ಮನೆತನ ಕಾಥವಟೆ ಎಂಬ ಹೆಸರಿನದು. ಮೂಲ ನೆಲೆ ಇಂದಿನ ಬೆಳಗಾವಿ ಜಿಲ್ಲೆಯ ಅಥಣಿ ಸೀಮೆಯ ಐಗಳಿ. ತಂದೆ ಕೊನೇರಿರಾಯರು. ಈ ಮನೆತನ ವಿಜಾಪುರಕ್ಕೆ ಬಂದು ನೆಲೆಸಿದ್ದು ಆಶ್ಚರ್ಯದ ಸಂಗತಿಯಲ್ಲ. ಮೊದಲನೆಯ ಇಬ್ರಾಹಿಂ ಆದಿಲಶಾಹನು (ಆಳ್ವಿಕೆ 1534-1558) ಕಂದಾಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶೀಯ ಭಾಷೆಗೆ ತಿರುಗಿಸಿದಾಗಿನಿಂದ ಆ ರಾಜ್ಯದ ದಫ್ತರಗಳು ಲೇಖನ ವೃತ್ತಿಯ ಬ್ರಾಹ್ಮಣ ಮನೆತನಗಳಿಗೆ ತೆರೆದುಕೊಂಡಿದ್ದವು. ಕೃಷ್ಣೆ, ಭೀಮೆ, ಡೋಣಿಗಳ ಸಾಲಿನ ಅನೇಕ ಕುಲಕರ್ಣಿ, ದೇಶಪಾಂಡೆ ಮನೆತನಗಳ ಏಳಿಗೆಯ ಬೇರು ಈ ವ್ಯವಸ್ಥೆಯಲ್ಲಿದೆ. ಮನೆಯಲ್ಲಿ ಕನ್ನಡ, ಲೆಕ್ಕಕ್ಕೆ ಮರಾಠಿಯ ಮೋಡಿ, ಸಂಧ್ಯಾವಂದನೆಗೂ ಪುರಾಣಕ್ಕೂ ಸಂಸ್ಕೃತ, ದರ್ಬಾರಿಗೆ ಪಾರಸಿ, ಪೇಟೆಗೆ ದಖನಿ ಎಂಬ ಹಂಚಿಕೆ ಅಂದಿನ ವಿಜಾಪುರದ ಕಾರಕೂನನಿಗೆ ದಿನನಿತ್ಯದ್ದು. ಮಹಿಪತಿರಾಯರು ಬೆಳೆದದ್ದು ಇಂಥ ಬಹುಭಾಷಿಕ ಪರಿಸರದಲ್ಲಿ ಎಂಬುದಕ್ಕೆ ಅವರ ಮುಂದಿನ ರಚನೆಗಳೇ ಸಾಕ್ಷಿ.

ಅಂದಿನ ವಿಜಾಪುರ ದಕ್ಷಿಣಾಪಥದ ಅತ್ಯಂತ ಶ್ರೀಮಂತ ನಗರಗಳಲ್ಲಿ ಒಂದು. ಮಹಮ್ಮದ ಆದಿಲಶಾಹನ ಆಳ್ವಿಕೆಯಲ್ಲಿ (1627-1656) ರಾಜ್ಯ ತನ್ನ ವಿಸ್ತಾರದ ತುದಿಯನ್ನು ಮುಟ್ಟಿತು. 1637ರ ನಂತರ ರಣದುಲ್ಲಾಖಾನನೂ ಶಹಾಜಿಯೂ ನಡೆಸಿದ ದಂಡಯಾತ್ರೆಗಳು ಇಕ್ಕೇರಿಯಿಂದ ಬೆಂಗಳೂರಿನವರೆಗೆ, ಮುಂದೆ ತಮಿಳು ಸೀಮೆಯವರೆಗೆ ಹಬ್ಬಿ, ಕನ್ನಡನಾಡಿನ ಪಾಳೆಯಪಟ್ಟುಗಳ ಹೊನ್ನು ವಿಜಾಪುರದ ಖಜಾನೆಗೆ ಹರಿದುಬಂದಿತು. ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟವನ್ನು ಒಬ್ಬನ ಗೋರಿಯ ಮೇಲೆ ನಿಲ್ಲಿಸುವ ಧೈರ್ಯ ಬಂದದ್ದು ಈ ಹೊನ್ನಿನಿಂದಲೇ. ಆದರೆ ಅದೇ ಆಳ್ವಿಕೆಯ ಆರಂಭದಲ್ಲಿ, 1630ರಿಂದ 1632ರವರೆಗೆ, ದಖನಿನ ಭೀಕರ ಬರ ಊರೂರುಗಳನ್ನೇ ಬರಿದು ಮಾಡಿತ್ತು. ಮಹಿಪತಿರಾಯರು ಆಗ ಇಪ್ಪತ್ತರ ಆಸುಪಾಸಿನ ತರುಣ. ಒಂದು ಕಡೆ ಹಸಿವಿನಿಂದ ಸತ್ತವರ ನೆನಪು ಇನ್ನೂ ಹಸಿಯಾಗಿರುವಾಗ ಇನ್ನೊಂದು ಕಡೆ ಕಟ್ಟಡಗಳು ಏಳುತ್ತಿದ್ದ ನಗರದ ಜಮಾಖರ್ಚನ್ನು ಬರೆಯುವವನಿಗೆ ಕಾಣುವ ಸತ್ಯ, ದರ್ಬಾರಿನ ಕವಿಗೆ ಕಾಣುವ ಸತ್ಯಕ್ಕಿಂತ ಬೇರೆಯದು.

ಅವರು ಅಧಿಕಾರಕ್ಕೆ ಬಂದ ಬಗೆಯನ್ನು ಐತಿಹ್ಯ ಹೀಗೆ ವಿವರಿಸುತ್ತದೆ. ಯುವಕ ಮಹಿಪತಿ ನಗರದಲ್ಲಿ ಪುರಾಣ ಪ್ರವಚನ ನಡೆಸುತ್ತಿದ್ದ. ರಾಜ್ಯದ ಪ್ರಬಲ ಅಧಿಕಾರಿ ಖವಾಸಖಾನನ ಗಮನ ಅವನ ಮಾತಿನ ಮೇಲೆ ಬಿದ್ದಿತು. ಖಾನನು ಆಗ ಒಂದು ಲೆಕ್ಕದ ತೊಡಕಿನಲ್ಲಿ ಸಿಕ್ಕಿದ್ದ. ದಫ್ತರದ ಯಾರಿಂದಲೂ ಬಗೆಹರಿಯದಿದ್ದ ಆ ಲೆಕ್ಕವನ್ನು ಮಹಿಪತಿ ಬಿಡಿಸಿಕೊಟ್ಟ. ಅಲ್ಲಿಂದ ಅವನು ಮಹಿಪತಿರಾಯನಾದ. ಹಣಕಾಸಿನ ಹೊಣೆ ಹೊತ್ತ. ರಾಜಮುದ್ರೆಯ ಉಂಗುರ ಅವನ ಬೆರಳಿಗೆ ಬಂದಿತು. ಸಂತರ ಚರಿತ್ರೆಗಳಲ್ಲಿ ನಾಯಕನು ಪವಾಡದಿಂದ ಗುರುತಿಸಲ್ಪಡುವುದು ಸಾಮಾನ್ಯ. ಇಲ್ಲಿ ಅವನು ಗುರುತಿಸಲ್ಪಡುವುದು ಕೂಡುವ ಕಳೆಯುವ ಕೌಶಲದಿಂದ ಎಂಬುದನ್ನು ಗಮನಿಸಬೇಕು. ಪವಾಡ ಆಮೇಲೆ ಬರುತ್ತದೆ. ಮೊದಲು ಬರುವುದು ಕೀರ್ದಿ ಪುಸ್ತಕ.

ಈ ಐತಿಹ್ಯದಲ್ಲಿ ಕಾಲಗಣನೆಯ ಒಂದು ತೊಡಕಿದೆ. ಖವಾಸಖಾನ ಎಂಬುದು ಬಿರುದು. ಆದಿಲಶಾಹಿ ಇತಿಹಾಸದಲ್ಲಿ ಆ ಬಿರುದಿನಿಂದ ಪ್ರಸಿದ್ಧರಾದವರು ಇಬ್ಬರಾದರೂ ಇದ್ದಾರೆ. ಮೊದಲಿನವನು ಮಹಮ್ಮದ ಆದಿಲಶಾಹನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ರಾಜ್ಯವನ್ನೇ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದು 1635ರಲ್ಲಿ ಕೊಲೆಯಾದ. ಎರಡನೆಯವನು ಬಾಲಕ ಸಿಕಂದರ ಆದಿಲಶಾಹನ ಪರವಾಗಿ 1672ರಿಂದ ಆಡಳಿತ ನಡೆಸಿ, 1675ರಲ್ಲಿ ಬಹಲೋಲಖಾನನಿಂದ ಸೆರೆಯಾಗಿ ಮುಂದೆ ಕೊಲ್ಲಲ್ಪಟ್ಟ. ಎರಡನೆಯವನ ಕಾಲಕ್ಕೆ ಮಹಿಪತಿದಾಸರು ಅರವತ್ತು ದಾಟಿದ್ದರು. ಐತಿಹ್ಯದ ಯುವಕ ಮಹಿಪತಿಗೆ ಹೊಂದುವವನು ಮೊದಲಿನವನೇ. ಹಾಗಾದರೆ ಅವರ ಅಧಿಕಾರ ಪ್ರವೇಶ ಇಪ್ಪತ್ತನಾಲ್ಕರ ವಯಸ್ಸಿನೊಳಗೆ ಆಗಿರಬೇಕು. ಬರದ ವರ್ಷಗಳೂ ಆ ಸೇವೆಯ ವರ್ಷಗಳೂ ಬಹುಮಟ್ಟಿಗೆ ಒಂದೇ ಆಗುತ್ತವೆ. ಇದನ್ನು ಒಪ್ಪಿದರೆ ಮುಂದಿನ ಘಟನೆಗಳಿಗೆ ಒದಗುವ ಅರ್ಥ ಹೆಚ್ಚು ಗಾಢವಾದದ್ದು.

ಏಕೆಂದರೆ ಆ ಖವಾಸಖಾನನ ಬಲಗೈಯಾಗಿದ್ದವನು ಮುರಾರಿ ಪಂಡಿತ, ಮುರಾರ ಜಗದೇವ ಎಂದೂ ಹೆಸರಾದ ಬ್ರಾಹ್ಮಣ ಸೇನಾನಿ. ಪರಾಂಡೆಯಿಂದ ಮುಲ್ಕಮೈದಾನ ತೋಪನ್ನು 1632ರಲ್ಲಿ ವಿಜಾಪುರಕ್ಕೆ ತಂದವನು ಇವನೇ. 1635ರಲ್ಲಿ ಒಡೆಯ ಕೊಲೆಯಾದ ಬೆನ್ನಿಗೇ ಮುರಾರಿಯನ್ನೂ ಕ್ರೂರವಾಗಿ ಕೊಲ್ಲಲಾಯಿತು. ಒಂದೇ ದರ್ಬಾರು, ಒಂದೇ ಆಶ್ರಯ, ಒಂದೇ ಬಗೆಯ ಲೇಖನಿ ಮತ್ತು ಮುದ್ರೆಯ ಬಲ. ಮುರಾರಿಯ ಅಂತ್ಯ ಅರಮನೆಯ ಒಳಗಿನವರಿಗೆ ಕಲಿಸಿದ ಪಾಠ ಸಣ್ಣದಾಗಿರಲಾರದು. ಆ ಕಾಲದ ವಿಜಾಪುರದಲ್ಲಿ ಹುದ್ದೆ ಎನ್ನುವುದು ಉಂಬಳಿಯಲ್ಲ, ಅರಸನ ಮನಸ್ಸು ತಿರುಗುವವರೆಗಿನ ಸಾಲ.

ಅರಸನ ಮನಸ್ಸು ತಿರುಗುವ ಬಗೆಗೆ ನಗರವೇ ಕಟ್ಟಿಕೊಂಡ ಒಂದು ಕಥೆಯಿದೆ. ಗೋಲಗುಮ್ಮಟದೊಳಗೆ ಮಹಮ್ಮದ ಆದಿಲಶಾಹನ ಗೋರಿಯ ಜೊತೆಗಿರುವ ಗೋರಿಗಳಲ್ಲಿ ಒಂದು ರಂಭೆ ಎಂಬ ನರ್ತಕಿಯದು. ಜನಜನಿತ ಕಥೆಯಂತೆ, ಗುಮ್ಮಟದ ಮೇಲೆ ನಿಂತಿದ್ದಾಗ ಸುಲ್ತಾನನು ತನ್ನ ಮೇಲಿನ ಪ್ರೀತಿಯನ್ನು ಹಾರಿ ತೋರಿಸೆಂದು ಆಟಕ್ಕೆ ಕೇಳಿದ. ಅವಳು ಹಾರಿಯೇ ಬಿಟ್ಟಳು. ಇದು ಇತಿಹಾಸವಲ್ಲ. ಆದರೆ ಪ್ರಜೆಗಳು ತಮ್ಮ ಅರಸನ ಅತಿ ದೊಡ್ಡ ಕಟ್ಟಡಕ್ಕೆ ಈ ಕಥೆಯನ್ನೇ ಏಕೆ ಅಂಟಿಸಿದರು ಎಂಬುದು ಯೋಚನೆಗೆ ಅರ್ಹ. ಉಳ್ಳವನ ಒಂದು ಹಗುರ ಮಾತಿಗೆ ಇಲ್ಲದವಳು ಪ್ರಾಣ ತೆತ್ತಳು ಎಂಬ ತಿಳಿವಳಿಕೆ ಅದರ ಒಳಗಿದೆ. ಅವನಿಗೆ ಅದು ಆಟ; ಬೆಲೆ ತೆತ್ತವಳು ಅವಳು. ಪ್ರೀತಿ, ಐಶ್ವರ್ಯ, ನಿರ್ಲಕ್ಷ್ಯ ಎಂಬ ಮೂರೂ ಒಂದೇ ಗುಮ್ಮಟದ ಕೆಳಗೆ ಹೂತುಹೋಗಿವೆ ಎಂದು ನಗರ ನಂಬಿತು.

ಇಂಥ ನಗರದಲ್ಲಿ ಮಹಿಪತಿರಾಯರ ಬೆರಳಿನಲ್ಲಿ ರಾಜಮುದ್ರೆಯ ಉಂಗುರವಿತ್ತು.

ಉಂಗುರದ ಕಥೆ ಅವರ ಚರಿತ್ರೆಯ ಕೇಂದ್ರ. ಕೋಟೆಯ ಕಂದಕದ ಬಳಿ ಒಬ್ಬ ಸೂಫಿ ಅವಧೂತನಿದ್ದ. ಶಾನುಂಗ, ಶಾನುಂಗಿ ಎಂಬ ಹೆಸರುಗಳು ಐತಿಹ್ಯದಲ್ಲಿ ಬರುತ್ತವೆ; ಹೇಳುವವರ ಬಾಯಲ್ಲಿ ಆ ವ್ಯಕ್ತಿ ಕೆಲವೊಮ್ಮೆ ಗಂಡು, ಕೆಲವೊಮ್ಮೆ ಹೆಣ್ಣು. ಮೈಮೇಲೆ ಬಟ್ಟೆಯ ಪರಿವೆಯೂ ಇಲ್ಲದ ಆ ಫಕೀರನ ಮುಂದೆ ಮಹಿಪತಿರಾಯರ ಮೇಣೆ ಹಾಯ್ದು ಹೋಗುತ್ತಿತ್ತು. ಒಂದು ದಿನ ಅವಧೂತನು ಉಂಗುರವನ್ನು ನೋಡಲು ಕೇಳಿದ. ಕೈಗೆ ಬಂದ ಕೂಡಲೇ ಅದನ್ನು ಕಂದಕದ ನೀರಿಗೆ ಎಸೆದುಬಿಟ್ಟ. ರಾಯರಿಗೆ ಕಾಲ ಕೆಳಗಿನ ನೆಲ ಸರಿಯಿತು. ಮುದ್ರೆ ಹೋಯಿತೆಂದರೆ ಮಾನ ಹೋಯಿತು, ಹುದ್ದೆ ಹೋಯಿತು, ತಲೆ ಉಳಿಯುವುದೂ ಸಂದೇಹ. ಅವರು ಅಂಗಲಾಚಿದಾಗ ಅವಧೂತನು ನೀರಿಗೆ ಕೈಯಿಟ್ಟು ಬೊಗಸೆ ತುಂಬ ಉಂಗುರಗಳನ್ನು ತೆಗೆದು, ಇವುಗಳಲ್ಲಿ ತನ್ನದನ್ನು ಆರಿಸಿಕೊಳ್ಳುವಂತೆ ಹೇಳಿದ. ಎಲ್ಲವೂ ಒಂದೇ ತೆರನಾಗಿದ್ದವು.

ಈ ಘಟನೆಯನ್ನು ಸಾಮಾನ್ಯವಾಗಿ ಪವಾಡವೆಂದು ಹೇಳಿ ಮುಗಿಸುವುದುಂಟು. ಅದರ ತಿರುಳಿರುವುದು ಬೊಗಸೆಯ ಉಂಗುರಗಳಲ್ಲಿ. ಕಳೆದ ವಸ್ತು ಸಿಕ್ಕಿದ್ದಷ್ಟೇ ಆಗಿದ್ದರೆ ರಾಯರು ಕಣ್ಣೊರೆಸಿಕೊಂಡು ಕಚೇರಿಗೆ ಹೋಗುತ್ತಿದ್ದರು. ಅವರನ್ನು ಅಲ್ಲಿಯೇ ನಿಲ್ಲಿಸಿದ್ದು, ತನ್ನದು ಯಾವುದೆಂದು ಗುರುತಿಸಲಾಗದ ಸ್ಥಿತಿ. ಅಧಿಕಾರದ ಉಂಗುರಗಳು ಎಷ್ಟೋ ಬೆರಳುಗಳ ಮೇಲಿದ್ದು ನೀರಿಗೆ ಬಿದ್ದಿವೆ. ಅವುಗಳಲ್ಲಿ ಇದು ನನ್ನದು ಎನ್ನಲು ಗುರುತೇನು? 1635ರ ನಂತರದ ವಿಜಾಪುರದಲ್ಲಿ, ಖವಾಸಖಾನ ಮತ್ತು ಮುರಾರಿಯರ ಉಂಗುರಗಳು ಬೇರೆ ಬೆರಳುಗಳಿಗೆ ಹೋದ ಕಾಲದಲ್ಲಿ, ಈ ಪ್ರಶ್ನೆ ಬರಿಯ ವೇದಾಂತವಾಗಿರಲಿಲ್ಲ.

ದಖನಿನ ಭಕ್ತರ ಚರಿತ್ರೆಗಳಲ್ಲಿ ಆಭರಣ ಅಥವಾ ಪತ್ರವೊಂದು ಕೈತಪ್ಪುವ ಕಥೆ ಮತ್ತೆ ಮತ್ತೆ ಬರುತ್ತದೆ. ಪುರಂದರದಾಸರ ಪೂರ್ವಾಶ್ರಮದಲ್ಲಿ ಅದು ಹೆಂಡತಿಯ ಮೂಗುತಿ. ಚಿನಿವಾರ ಶ್ರೀನಿವಾಸನಾಯಕನ ಜಿಪುಣತನವನ್ನು ಮುರಿಯುವುದು ಅವನ ಹೆಂಡತಿಯ ದಾನ; ಗಂಡನ ಕೋಪಕ್ಕೆ ಹೆದರಿ ವಿಷ ಕುಡಿಯಹೊರಟ ಅವಳ ಬಟ್ಟಲಿನಲ್ಲಿ ಮೂಗುತಿ ಕಾಣಿಸಿಕೊಳ್ಳುತ್ತದೆ. ದೇಹುವಿನ ತುಕಾರಾಮರಲ್ಲಿ ಅದು ಸಾಲಪತ್ರ. ಅದೇ 1630ರ ಬರದಲ್ಲಿ ಹೆಂಡತಿ ಮತ್ತು ಮಗುವನ್ನು ಕಳೆದುಕೊಂಡ ತುಕಾರಾಮರು ಜನ ತಮಗೆ ಕೊಡಬೇಕಾಗಿದ್ದ ಸಾಲದ ಪತ್ರಗಳನ್ನು ಇಂದ್ರಾಯಣಿಗೆ ಎಸೆದರು. ಎಸೆಯುವ ಮೊದಲು ತಮ್ಮನ ಪಾಲಿನ ಅರ್ಧವನ್ನು ಅವನಿಗೆ ಬಿಟ್ಟು, ತಮ್ಮ ಪಾಲಿನ ಅರ್ಧವನ್ನು ಮಾತ್ರ ಎಸೆದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ತ್ಯಾಗದ ಉತ್ಸಾಹದಲ್ಲಿಯೂ ಇನ್ನೊಬ್ಬನ ಪಾಲನ್ನು ಮುಟ್ಟಬಾರದೆಂಬ ಈ ಎಚ್ಚರ, ಎಸೆದ ಕೃತ್ಯಕ್ಕಿಂತ ದೊಡ್ಡದು. (ತುಕಾರಾಮರ ಚರಿತ್ರೆಯನ್ನು ಬರೆದ ತಾಹರಾಬಾದಿನ ಮಹಿಪತಿ ಹದಿನೆಂಟನೆಯ ಶತಮಾನದ ಮರಾಠಿ ಕವಿ, ಕಾಖಂಡಕಿಯವರ ಜೊತೆ ಅವನನ್ನು ಬೆರಸುವುದು ಸಲ್ಲದು.) ಮೂಗುತಿ, ಸಾಲಪತ್ರ ಎರಡೂ ಖಾಸಗಿ ಸ್ವತ್ತು. ಮಹಿಪತಿರಾಯರ ಉಂಗುರ ಹಾಗಲ್ಲ. ಅದು ರಾಜ್ಯದ್ದು, ಇವರು ಅದರ ಪಾಲಕರು ಮಾತ್ರ. ಆದ್ದರಿಂದಲೇ ಈ ಕಥೆಯಲ್ಲಿ ಉಂಗುರ ನೀರಿನಲ್ಲಿ ಉಳಿಯುವಂತಿಲ್ಲ. ಅದು ಮರಳಿ ಬರಲೇಬೇಕು.

ಅಧಿಕಾರದಲ್ಲಿದ್ದು ಭಕ್ತರಾದವರ ಇತರ ಚರಿತ್ರೆಗಳೊಡನೆ ಹೋಲಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವಿಜಾಪುರಕ್ಕೆ ಹತ್ತಿರದ ಮಂಗಳವೇಢೆಯಲ್ಲಿ ಬಹಮನಿ ಕಾಲದ ದಾಮಾಜಿಪಂತ ಬರದಲ್ಲಿ ಸರಕಾರಿ ಕಣಜವನ್ನು ಹಸಿದವರಿಗೆ ತೆರೆದ. ಅದರ ಬೆಲೆಯನ್ನು ಬೀದರಿನ ಸುಲ್ತಾನನಿಗೆ ಪಂಢರಪುರದ ವಿಠಲನೇ ಕಟ್ಟಿದನೆಂದು ಕಥೆ. ಮಹಿಪತಿದಾಸರ ಸಮಕಾಲೀನನಾದ ಭದ್ರಾಚಲದ ಕಂಚರ್ಲ ಗೋಪನ್ನ ಗೋಲ್ಕೊಂಡದ ಕಂದಾಯದ ಹಣವನ್ನು ರಾಮನ ಗುಡಿಗೆ ವೆಚ್ಚಮಾಡಿ ಸೆರೆಮನೆ ಸೇರಿದ. ಅಲ್ಲಿಯೂ ಬಾಕಿಯನ್ನು ತೀರಿಸಿದವನು ದೇವರೇ. ಇನ್ನೂ ಹಿಂದೆ, ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದ ಬಸವಣ್ಣನವರ ಮೇಲೂ ಭಂಡಾರವನ್ನು ಜಂಗಮರಿಗೆ ಸವೆಸಿದ ಆರೋಪವನ್ನು ಹೊರಿಸಿದರು. ಲೆಕ್ಕ ನೋಡಿದಾಗ ಒಂದು ಹಣವೂ ತಪ್ಪಿರಲಿಲ್ಲವೆಂದು ಶರಣ ಪುರಾಣಗಳು ಹೇಳುತ್ತವೆ. ಈ ಎಲ್ಲ ಕಥೆಗಳ ಆಳದಲ್ಲಿ ಒಂದೇ ಕಳವಳವಿದೆ: ಭಕ್ತಿಗೆ ಬೇಕಾದ ವೆಚ್ಚವನ್ನು ಯಾರ ಗಂಟಿನಿಂದ ಮಾಡುವುದು? ದಾಮಾಜಿ ಮತ್ತು ಗೋಪನ್ನರ ಕಥೆಗಳಲ್ಲಿ ದೇವರು ಬಾಕಿ ತೀರಿಸುವವನಾಗಿ ಬರಬೇಕಾಗುತ್ತದೆ. ಮಹಿಪತಿರಾಯರ ಕಥೆಯಲ್ಲಿ ಹಾಗೆ ಬರುವ ಅಗತ್ಯವೇ ಇಲ್ಲ. ರಾಜ್ಯದ ಮುದ್ರೆ ರಾಜ್ಯಕ್ಕೆ ಸಲ್ಲಬೇಕು, ಹಂಚಿದ್ದೆಲ್ಲ ತಮ್ಮದು. ಲೆಕ್ಕಿಗನ ವೈರಾಗ್ಯಕ್ಕೆ ತಕ್ಕ ಕ್ರಮ ಇದು.

ಅವಧೂತನು ಮಹಿಪತಿರಾಯರನ್ನು ತನ್ನ ಶಿಷ್ಯನನ್ನಾಗಿ ಮಾಡಿಕೊಳ್ಳಲಿಲ್ಲ. ಅವರಿಗೆ ತಕ್ಕ ಗುರು ಸಾರವಾಡದಲ್ಲಿದ್ದಾನೆಂದು ದಾರಿ ತೋರಿಸಿದ. ಡೋಣಿ ನದಿಯ ದಂಡೆಯ ಸಾರವಾಡ ಇಂದು ಬಬಲೇಶ್ವರ ತಾಲೂಕಿನ ಊರು. ಎರೆಭೂಮಿಯ ಬಿಳಿಜೋಳಕ್ಕೆ ಹೆಸರಾದ ಸೀಮೆ. ಅಲ್ಲಿ ಭಾಸ್ಕರಸ್ವಾಮಿಗಳಿದ್ದರು. ಸೂಫಿಯೊಬ್ಬ ಮಾಧ್ವ ಮನೆತನದ ಅಧಿಕಾರಿಯನ್ನು ಅವಧೂತ ಪಂಥದ ಗುರುವಿನೆಡೆಗೆ ಕಳಿಸಿದ ಈ ಸಂಗತಿಯನ್ನು ಇಂದಿನ ಸೌಹಾರ್ದದ ಪರಿಭಾಷೆಯಲ್ಲಿ ವಿವರಿಸುವ ಉತ್ಸಾಹ ಇತ್ತೀಚಿನ ಬರಹಗಳಲ್ಲಿ ಕಾಣುತ್ತದೆ. ಅದು ಅಸಂಗತವೇನಲ್ಲ. ಆದರೆ ಹದಿನೇಳನೆಯ ಶತಮಾನದ ವಿಜಾಪುರದಲ್ಲಿ ಇದು ವಿಶೇಷ ಔದಾರ್ಯದ ಪ್ರದರ್ಶನವಾಗಿರಲಿಲ್ಲ, ನಡೆಯುತ್ತಿದ್ದ ಬದುಕಿನ ರೀತಿಯಾಗಿತ್ತು. ಊರ ಹೊರಗಿನ ಶಾಹಪುರ ದಿಬ್ಬದ ಮೇಲೆ ಅಮೀನುದ್ದೀನ್ ಅಲಾ (ಮರಣ 1675) ಮತ್ತು ಅವರ ಹಿರಿಯರ ಚಿಸ್ತಿ ಪರಂಪರೆ ದಖನಿಯಲ್ಲಿ ತತ್ತ್ವವನ್ನು ಹಾಡುತ್ತಿತ್ತು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಳ್ಳಬಹುದಾದ ಚಕ್ಕಿನಾಮಾಗಳು ಸೂಫಿಗಳ ವಲಯದಲ್ಲಿ ಹುಟ್ಟುತ್ತಿದ್ದವು. ದೇಹ, ಉಸಿರು, ಒಳಗಿನ ಬೆಳಕು ಎಂಬ ವಿಷಯಗಳಲ್ಲಿ ಆ ಹಾಡುಗಳಿಗೂ ಮಹಿಪತಿದಾಸರ ಕೀರ್ತನೆಗಳಿಗೂ ಇರುವ ಹತ್ತಿರದ ಸಂಬಂಧ ಇನ್ನೂ ವಿವರವಾದ ತೌಲನಿಕ ಅಧ್ಯಯನವನ್ನು ಬೇಡುತ್ತದೆ.

ಗುರುವಿನ ಅನುಗ್ರಹವಾದ ಮೇಲೆ ಮಹಿಪತಿರಾಯರು ಹುದ್ದೆಯನ್ನು ಬಿಟ್ಟರು. ಮನೆಯ ಸಂಪತ್ತನ್ನೆಲ್ಲ ಸೂರೆ ಮಾಡಿಸಿದರು ಎಂದು ಪರಂಪರೆ ಹೇಳುತ್ತದೆ. ಬಂದವರು ಬೇಕಾದುದನ್ನು ಒಯ್ದರು. ಭಕ್ತ ಚರಿತ್ರೆಗಳಲ್ಲಿ ಈ ದೃಶ್ಯ ಎಷ್ಟು ಪರಿಚಿತವೆಂದರೆ ಓದುಗ ಅಲ್ಲಿ ತಡೆದು ಕೇಳಬೇಕಾದ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹಾಗೆ ಖಾಲಿಯಾದ ಮನೆಯಲ್ಲಿ ಮರುದಿನ ಒಲೆ ಹೊತ್ತಿಸಬೇಕಾದವಳು ಯಾರು? ಗಂಡನ ವೈರಾಗ್ಯದ ಬೆಲೆಯನ್ನು ಹೆಂಡತಿ ತೆರುವುದಾದರೆ, ಆ ತ್ಯಾಗಕ್ಕೂ ಸುಲ್ತಾನನ ಆಟದ ಮಾತಿಗೂ ಇರುವ ಅಂತರವೆಷ್ಟು?

ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಬೆಳಗಿಸುವ ಕೃತಿ ಅಮೆರಿಕೆಯ ಸ್ಕಾಟ್ ಫಿಟ್ಸ್‌ಜೆರಾಲ್ಡನ 1925ರ ಕಾದಂಬರಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. ಅಲ್ಲಿ ಗ್ಯಾಟ್ಸ್‌ಬಿ ಒಬ್ಬಳ ಪ್ರೀತಿಯನ್ನು ಮರಳಿ ಪಡೆಯಲೆಂದು ಅಡ್ಡದಾರಿಯಿಂದ ಐಶ್ವರ್ಯವನ್ನು ಕೂಡಿಸುತ್ತಾನೆ. ಅವಳೂ ಅವಳ ಗಂಡನೂ ಹುಟ್ಟು ಶ್ರೀಮಂತಿಕೆಯ ಆಸರೆಯಲ್ಲಿರುವವರು. ಡೇಸಿ ಓಡಿಸಿದ ಕಾರಿಗೆ ಒಬ್ಬ ಹೆಂಗಸು ಬಲಿಯಾದಾಗ ಆ ದೋಷ ಗ್ಯಾಟ್ಸ್‌ಬಿಯ ತಲೆಗೆ ಬರುತ್ತದೆ, ಅವನ ಪ್ರಾಣವೂ ಹೋಗುತ್ತದೆ. ದಂಪತಿಗಳು ಊರು ಬಿಟ್ಟು ಸುಮ್ಮನೆ ಹೊರಟುಹೋಗುತ್ತಾರೆ. ಫಿಟ್ಸ್‌ಜೆರಾಲ್ಡ್ ದೂರುವುದು ಹಣವನ್ನಲ್ಲ, ತಾವು ಮಾಡಿದ್ದರ ಭಾರವನ್ನು ಇತರರ ಮೇಲೆ ಬಿಟ್ಟು ನಡೆಯುವ ಅಭ್ಯಾಸವನ್ನು. ಆ ಅಭ್ಯಾಸ ಶ್ರೀಮಂತನಿಗೆ ಎಷ್ಟು ಸುಲಭವೋ ವಿರಾಗಿಗೂ ಅಷ್ಟೇ ಸುಲಭ. ಹೊರಟುಹೋಗುವುದರಲ್ಲಿ ಇಬ್ಬರಿಗೂ ಸಾಮ್ಯವಿದೆ.

ಮಹಿಪತಿದಾಸರು ಹೊರಟುಹೋಗಲಿಲ್ಲ. ಅವರ ಜೀವನದ ಅತ್ಯಂತ ಮಹತ್ವದ ಸಂಗತಿ ಇದು. ಉಂಗುರದ ಪವಾಡದಷ್ಟು ಆಕರ್ಷಕವಲ್ಲದ ಕಾರಣ ಇದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಅವರು ಸಂನ್ಯಾಸ ಸ್ವೀಕರಿಸಲಿಲ್ಲ, ಕಾಶಿಗೋ ಹಿಮಾಲಯಕ್ಕೋ ಹೋಗಲಿಲ್ಲ. ಗೃಹಸ್ಥರಾಗಿಯೇ ಉಳಿದು, ಕೊನೆಗೆ ಸಾರವಾಡಕ್ಕೆ ದೂರವಲ್ಲದ ಕಾಖಂಡಕಿಯಲ್ಲಿ ಹೆಂಡತಿಯೊಡನೆ ನೆಲೆನಿಂತರು. ದೇವರಾಯ, ಕೃಷ್ಣರಾಯ ಎಂಬ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಐಶ್ವರ್ಯವನ್ನು ಬಿಟ್ಟವರು ಸಂಸಾರವನ್ನು ಬಿಡಲಿಲ್ಲ. ದರ್ಬಾರಿನ ಪ್ರಭುತ್ವ ಕಳೆದ ಮೇಲೆ ಹಳ್ಳಿಯ ಮನೆಯಲ್ಲಿ ಮಡದಿಮಕ್ಕಳ ಹೊಟ್ಟೆಬಟ್ಟೆಯ ಹೊಣೆಯನ್ನು ಹೊತ್ತು ಬದುಕುವುದು ಏಕಾಂತದ ಗವಿಗಿಂತ ಕಠಿಣವಾದ ಸಾಧನೆ. ಪತ್ನಿಯ ತಾಳ್ಮೆಯ ಬಗೆಗೆ ಚರಿತ್ರೆಗಳು ಒಂದೆರಡು ಮಾತಿನಲ್ಲಿ ಮುಗಿಸುವುದು ಆ ಪ್ರಕಾರದ ದೋಷ. ಆಕೆಯಿಲ್ಲದೆ ಕಾಖಂಡಕಿಯ ಪರಂಪರೆ ಇರುತ್ತಿರಲಿಲ್ಲ.

ಕಾಖಂಡಕಿ ಇಂದು ಕಾರಹುಣ್ಣಿಮೆಯ ಕರಿ ಹರಿಯುವ ಸಂಭ್ರಮದಿಂದ ಪತ್ರಿಕೆಗಳಲ್ಲಿ ಹೆಸರು ಪಡೆಯುವ ಊರು; ಎತ್ತು, ಹೋರಿ, ಎರೆಹೊಲಗಳ ಊರು. ಅದೇ ಸೀಮೆಯ ಮಮದಾಪುರದಲ್ಲಿ ಮಹಮ್ಮದ ಆದಿಲಶಾಹ 1633ರಲ್ಲಿ ದೊಡ್ಡ ಕೆರೆಯನ್ನು ಕಟ್ಟಿಸಿದ್ದ. ಗುಮ್ಮಟಕ್ಕೆ ಹರಿದ ಹೊನ್ನಿನಲ್ಲಿ ಒಂದಿಷ್ಟು ಒಕ್ಕಲಿಗನ ಕಡೆಗೂ ಹರಿದಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಈ ಒಕ್ಕಲುತನದ ನಡುವೆ ಮಹಿಪತಿದಾಸರು ರಚಿಸಿದ ಕೀರ್ತನೆಗಳು ಗುರುಸ್ತುತಿ, ಆರತಿ, ಉದಯರಾಗ, ಯೋಗಾನುಭವ, ಡಾಂಭಿಕತೆಯ ವಿಡಂಬನೆ ಎಂದು ಹಲವು ಮುಖಗಳಲ್ಲಿ ಹರಡಿವೆ. ಕನ್ನಡದ ಜೊತೆಗೆ ಮರಾಠಿಯಲ್ಲಿಯೂ ದಖನಿ ಹಿಂದಿಯಲ್ಲಿಯೂ ಅವರು ಹಾಡಿದರು. ದಫ್ತರದಲ್ಲಿ ಕಲಿತ ಭಾಷೆಗಳನ್ನು ಅವರು ದಫ್ತರದಲ್ಲಿಯೇ ಬಿಟ್ಟುಬರಲಿಲ್ಲ. ಆಜ್ಞೆಗೆ ಬಳಸುತ್ತಿದ್ದುದನ್ನು ಆರ್ತತೆಗೆ ಬಳಸಿದರು. ಸೂರೆಯಾಗದೆ ಅವರ ಬಳಿ ಉಳಿದ ಆಸ್ತಿ ಇದೊಂದೇ.

ಅವರನ್ನು ಹರಿದಾಸರ ಸಾಲಿನಲ್ಲಿ ಎಣಿಸಬೇಕೆ ಎಂಬ ಚರ್ಚೆ ಹಳೆಯದು. ಅಂಕಿತದ ಕೊನೆಯಲ್ಲಿ ವಿಠಲ ಇಲ್ಲ. ಅವರು ಬಳಸುವುದು ಮಹಿಪತಿ ಎಂಬ ಸ್ವಂತ ಹೆಸರನ್ನೇ. ತಾರತಮ್ಯ, ಪಂಚಭೇದಗಳ ನಿರೂಪಣೆಗಿಂತ ಗುರುಕೃಪೆ, ನಾದ, ಆತ್ಮಾನುಭವಗಳ ಮಾತು ಹೆಚ್ಚು. ಹೀಗಾಗಿ ಕೆಲವರು ಅವರನ್ನು ಅದ್ವೈತದ ಕಡೆಗೆ, ಕೆಲವರು ನಾಥ-ದತ್ತ ಪಂಥಗಳ ಕಡೆಗೆ ಎಳೆದರೆ, ದಾಸಪರಂಪರೆಯ ಅಭಿಮಾನಿಗಳು ಅವರ ಹರಿಸ್ತುತಿಗಳನ್ನು ಮುಂದಿಟ್ಟು ತಮ್ಮವರೆನ್ನುತ್ತಾರೆ. ಮೊಹರು ಹೊಡೆದು ಕಡತಗಳನ್ನು ವಿಂಗಡಿಸುವ ಕೆಲಸವನ್ನು ಬಿಟ್ಟುಬಂದವರನ್ನು ಮರಳಿ ಕಡತಕ್ಕೆ ಸೇರಿಸುವ ಈ ಪ್ರಯತ್ನದಲ್ಲಿ ಒಂದು ವ್ಯಂಗ್ಯವಿದೆ. ಡೋಣಿಯ ದಂಡೆಯ ಈ ಗಾಯಕನಿಗೆ ಸಾರವಾಡದ ಗುರುವೂ ಪಂಢರಪುರದ ದೇವರೂ ಕಂದಕದ ಫಕೀರನೂ ಬೇರೆ ಬೇರೆ ಖಾತೆಗಳಾಗಿರಲಿಲ್ಲ.

ಅವರ ಬಾಳಿನ ಕೊನೆಯ ದಶಕಗಳು ಅವರು ಬಿಟ್ಟುಬಂದ ನಗರದ ಅಳಿವಿನ ದಶಕಗಳೂ ಆಗಿದ್ದವು. ಎರಡನೆಯ ಅಲಿ ಆದಿಲಶಾಹನು (1656-1672) ತಂದೆಯ ಗುಮ್ಮಟವನ್ನು ಮೀರಿಸುವ ಗೋರಿಯನ್ನು ಆರಂಭಿಸಿ ಕಮಾನುಗಳ ಮಟ್ಟದಲ್ಲಿಯೇ ನಿಲ್ಲಿಸಿಹೋದ. ಅದೇ ಇಂದಿನ ಬಾರಾಕಮಾನು. 1665ರ ಕೊನೆಯಲ್ಲಿ ಜಯಸಿಂಹನ ಮೊಗಲ ಸೈನ್ಯ ನಗರದ ಸಮೀಪಕ್ಕೆ ಬಂದಾಗ, ವೈರಿಗೆ ನೀರು ಮೇವು ಸಿಗಬಾರದೆಂದು ವಿಜಾಪುರದವರೇ ಸುತ್ತಲಿನ ಕೆರೆಬಾವಿಗಳನ್ನು ಕೆಡಿಸಿ, ತೋಟಗಳನ್ನು ಕಡಿದು, ಹೊರಪೇಟೆಗಳನ್ನು ಹಾಳುಗೆಡವಿದರು. ನಗರ ಉಳಿಯಿತು, ಸುತ್ತಲಿನ ಒಕ್ಕಲು ಬೆಲೆ ತೆತ್ತಿತು. ಆ ಲೆಕ್ಕವನ್ನು ಯಾವ ದಫ್ತರವೂ ಬರೆದಿಡಲಿಲ್ಲ. 1672ರ ನಂತರ ಬಾಲಕ ಸಿಕಂದರನ ಹೆಸರಿನಲ್ಲಿ ದಖನಿ ಮತ್ತು ಅಫಘಾನ ಸರದಾರರು ರಾಜ್ಯವನ್ನು ಹರಿದು ಹಂಚಿಕೊಂಡರು. ಉಂಗುರಗಳು ಬೆರಳಿನಿಂದ ಬೆರಳಿಗೆ ಇನ್ನೂ ವೇಗವಾಗಿ ದಾಟಿದವು.

ಮಹಿಪತಿದಾಸರು 1681ರ ಕಾರ್ತಿಕ ಬಹುಳ ಅಮಾವಾಸ್ಯೆಯಂದು, ಈ ಭಾಗದ ಜನ ಛಟ್ಟಿ ಅಮಾವಾಸ್ಯೆ ಎನ್ನುವ ದಿನ, ಕಾಖಂಡಕಿಯಲ್ಲಿ ತೀರಿಕೊಂಡರು. ಪ್ರತಿವರ್ಷದ ಆರಾಧನೆ ಅದೇ ತಿಥಿಗೆ ನಡೆಯುತ್ತದೆ. ಐದು ವರ್ಷಗಳ ತರುವಾಯ, 1686ರ ಸೆಪ್ಟೆಂಬರಿನಲ್ಲಿ, ಔರಂಗಜೇಬನು ವಿಜಾಪುರವನ್ನು ಪ್ರವೇಶಿಸಿದ. ಅವರು ಲೆಕ್ಕ ಬರೆದಿದ್ದ ರಾಜ್ಯ ಇಲ್ಲವಾಯಿತು.

ಕಿರಿಯ ಮಗ ಕೃಷ್ಣರಾಯರು ತಂದೆಯ ದಾರಿಯಲ್ಲಿಯೇ ನಡೆದು ಕೃಷ್ಣದಾಸರೆನಿಸಿಕೊಂಡು ವಿಪುಲವಾಗಿ ಹಾಡಿದರು. ಮನೆ ಸೂರೆಯಾದದ್ದರಿಂದ ಮಗನ ಪಾಲಿಗೆ ಹೊನ್ನಾಗಲಿ ಹುದ್ದೆಯಾಗಲಿ ಬರಲಿಲ್ಲ. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಡಲಿಲ್ಲ. ಗುರು ಎಂದೂ ತಂದೆ ಎಂದೂ ಕರೆದು ಮಹಿಪತಿಯ ಹೆಸರನ್ನೇ ಅಂಕಿತವಾಗಿ ಬಳಸಿದರು.